ಹೂಗ್ಲಿಯ ಎಪ್ಪತ್ತಮೂರು ಶಸ್ತ್ರಕ್ರಿಯೆಗಳು: ಎಸ್ಡೇಲರ ಗ್ರಂಥದ ಒಂದು ವಿಮರ್ಶೆ

೧

ಅರಿವಳಿಕೆಯ ಮದ್ದಿನ ನೆರವಿಲ್ಲದೆ, ಸಂಮೋಹನವೊಂದರಿಂದಲೇ ರೋಗಿಯ ನೋವನ್ನು ಅಡಗಿಸಿ ಕ್ಯಾನ್ಸರ್ ಗಡ್ಡೆಯನ್ನು ಕೊಯ್ದು ತೆಗೆಯಬಹುದೆಂದು ಪ್ರತಿಪಾದಿಸುವ ಬರಹಗಳು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣಬರುತ್ತಿವೆ. ವೈದ್ಯಶಾಸ್ತ್ರದ ಮಟ್ಟಿಗೆ ಈ ಮಾತಿನ ಸತ್ಯಾಸತ್ಯತೆಯನ್ನು ನಿರ್ಣಯಿಸಬೇಕಾದವರು ವೈದ್ಯರೇ ಹೊರತು ಇತಿಹಾಸದ ಅಧ್ಯಾಪಕರಲ್ಲ. ಆದರೆ ಈ ಬರಹಗಳಲ್ಲಿ ಹಲವು ತಮ್ಮ ವಾದದ ಬಲಕ್ಕೆ ಚರಿತ್ರೆಯ ಸಾಕ್ಷ್ಯವನ್ನು ಕರೆಯುತ್ತವೆ. ಬಂಗಾಳದಲ್ಲಿ ಸುಮಾರು ನೂರೆಂಬತ್ತು ವರ್ಷಗಳ ಹಿಂದೆಯೇ ಜೇಮ್ಸ್ ಎಸ್ಡೇಲ್ ಎಂಬ ಸರ್ಜನರು ಇದನ್ನು ಮಾಡಿ ತೋರಿಸಿದ್ದರೆಂದೂ, ಅವರು ತೆಗೆದ ಗಡ್ಡೆಗಳಿಗೆ ಲೆಕ್ಕವಿಲ್ಲವೆಂದೂ, ಈಥರ್ ಮತ್ತು ಕ್ಲೋರೋಫಾರಂಗಳು ಬಂದುದರಿಂದ ಒಂದು ಅಮೂಲ್ಯವಾದ ವಿದ್ಯೆ ಮರೆಯಾಯಿತೆಂದೂ ಅವು ಹೇಳುತ್ತವೆ. ಸಾಕ್ಷಿಯನ್ನು ಕರೆದ ಮೇಲೆ ಅವನನ್ನು ಪ್ರಶ್ನಿಸುವುದು ನಮ್ಮ ಕೆಲಸವಾಗುತ್ತದೆ. ಎಸ್ಡೇಲರು ೧೮೪೬ರಲ್ಲಿ ಪ್ರಕಟಿಸಿದ 'ಮೆಸ್ಮರಿಸಂ ಇನ್ ಇಂಡಿಯಾ' ಎಂಬ ಗ್ರಂಥವನ್ನು ಒಂದು ಐತಿಹಾಸಿಕ ದಾಖಲೆಯೆಂದು ಬಗೆದು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು. ೧೮೦೮ರಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸ್‌ನಲ್ಲಿ ಹುಟ್ಟಿದ ಎಸ್ಡೇಲರು ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಬಂಗಾಳಕ್ಕೆ ಬಂದವರು. ಹೂಗ್ಲಿಯಲ್ಲಿ ಅವರ ಪಾಲಿಗೆ ಬಂದುದು ಬಡವರ ಆಸ್ಪತ್ರೆ ಮತ್ತು ಜೈಲಿನ ಆಸ್ಪತ್ರೆ. ಮೆಸ್ಮರ್ ಪಂಥದ ಪ್ರಯೋಗವನ್ನು ಅವರು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಓದಿ ತಿಳಿದಿದ್ದರು, ಅಷ್ಟೆ. ೧೮೪೫ರ ಏಪ್ರಿಲ್ ೪ರಂದು ಮಾಧವ ಕೌರ ಎಂಬ ಕೈದಿಯೊಬ್ಬನು ಅವರ ಮುಂದೆ ಬಂದನು. ಅವನಿಗೆ ಎರಡೂ ಅಂಡಗಳಲ್ಲಿ ನೀರು ತುಂಬಿಕೊಂಡಿತ್ತು. ಅಂದಿನ ಪದ್ಧತಿಯಂತೆ ಒಂದು ಕಡೆಯ ನೀರನ್ನು ತೆಗೆದು ಒಳಗೆ ತೀಕ್ಷ್ಣವಾದ ದ್ರಾವಣವನ್ನು ಸೇರಿಸಿದಾಗ ಅವನು ಸಹಿಸಲಾರದ ನೋವಿನಿಂದ ಒದ್ದಾಡತೊಡಗಿದನು. ಆಗ ಎಸ್ಡೇಲರು ತಾವು ಓದಿದ್ದನ್ನು ಪರೀಕ್ಷಿಸಲು ಮನಸ್ಸು ಮಾಡಿ, ಅವನ ಮುಖ ಮತ್ತು ಮೈಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕುಳಿತರು. ಕೈದಿ ಗಾಢವಾದ ಜಡಾವಸ್ಥೆಗೆ ಇಳಿದನು. ಮುಂದಿನ ಎಂಟು ತಿಂಗಳ ಕಾಲ ಹೂಗ್ಲಿಯಲ್ಲಿ ನಡೆದ ಕೆಲಸದ ವರದಿಯೇ ಪ್ರಕೃತ ಗ್ರಂಥ.

ಈ ಗ್ರಂಥವನ್ನು ಓದುವವರು ಮೂರು ಪದಗಳ ಮುಂದೆ ನಿಲ್ಲಬೇಕಾಗುತ್ತದೆ. ಒಂದು 'ಗಡ್ಡೆ'; ಎರಡನೆಯದು 'ನೋವಿಲ್ಲದ'; ಮೂರನೆಯದು ಗ್ರಂಥದಲ್ಲಿ ಇಲ್ಲದೆ ನಾವೇ ತಂದು ಸೇರಿಸಿರುವ 'ಸಂಮೋಹನ'. ಈ ಮೂರರ ಅರ್ಥವೂ ಅಂದಿಗೂ ಇಂದಿಗೂ ಒಂದೇ ಎಂದು ಭಾವಿಸಿದ್ದರಿಂದಲೇ ಎಸ್ಡೇಲರ ಹೆಸರು ಅದಕ್ಕೆ ಸಲ್ಲದ ಕಡೆ ಸಾಕ್ಷಿಯಾಗಿ ನಿಂತಿದೆ ಎಂಬುದು ನಮ್ಮ ಅಭಿಪ್ರಾಯ.

೨

ಎಂಟು ತಿಂಗಳಲ್ಲಿ ನಡೆದ ನೋವಿಲ್ಲದ ಶಸ್ತ್ರಕ್ರಿಯೆಗಳೆಂದು ಎಸ್ಡೇಲರು ಒಂದು ಕೋಷ್ಟಕವನ್ನು ಕೊಟ್ಟಿದ್ದಾರೆ. ಅದರ ಮೊತ್ತ ೭೩. ಈ ಸಂಖ್ಯೆಯನ್ನು ಉದ್ಧರಿಸುವವರು ಬಹುಮಂದಿ. ಅದನ್ನು ಬಿಡಿಸಿ ನೋಡುವವರು ವಿರಳ. ಬಿಡಿಸಿ ನೋಡಿದರೆ ಕಾಣುವುದೇನು? ಹುಣ್ಣುಗಳನ್ನು ಸವರಿ ಶುದ್ಧಗೊಳಿಸಿದ್ದು ೭, ಕೀವುಗಟ್ಟಿದ ಬಾವುಗಳನ್ನು ಒಡೆದದ್ದು ೫, ಕಾಲಿನ ಹೆಬ್ಬೆರಳ ಉಗುರನ್ನು ಬುಡಸಹಿತ ಕಿತ್ತದ್ದು ೫, ಹಲ್ಲು ಕಿತ್ತದ್ದು ೩. ಈ ನಾಲ್ಕು ಬಗೆಗಳೇ ೨೦ ಆದುವು. ಅಂಡದ ನೀರು ತೆಗೆದದ್ದು ೭, ಕಣ್ಣಿನ ಪೊರೆಯ ಚಿಕಿತ್ಸೆ ೩, ಮಡಿಸಿಕೊಂಡ ಮೊಣಕಾಲನ್ನು ನೆಟ್ಟಗೆ ಮಾಡಿದ್ದು ೩, ಕೈಯನ್ನು ನೆಟ್ಟಗೆ ಮಾಡಿದ್ದು ೩. ಹಲ್ಲು ಕೀಳುವುದೂ ಉಗುರು ಕೀಳುವುದೂ ಯಾತನೆಯ ಕೆಲಸಗಳಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇವನ್ನು ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಪೂರ್ವೋದಾಹರಣೆಗಳೆಂದು ಎಣಿಸುವಂತಿಲ್ಲ.

ಕೋಷ್ಟಕದ ಅತ್ಯಂತ ಪ್ರಸಿದ್ಧವಾದ ಸಾಲು ವೃಷಣಕೋಶದ ಗಡ್ಡೆಗಳಿಗೆ ಸಂಬಂಧಿಸಿದುದು. ೮ ಪೌಂಡಿನಿಂದ ೮೦ ಪೌಂಡಿನವರೆಗೆ, ಎಂದರೆ ಸುಮಾರು ಮೂರೂವರೆಯಿಂದ ಮೂವತ್ತಾರು ಕಿಲೋಗ್ರಾಂವರೆಗೆ ತೂಗುತ್ತಿದ್ದ ೧೭ ಗಡ್ಡೆಗಳನ್ನು ತೆಗೆಯಲಾಯಿತೆಂದೂ, ಅವುಗಳಲ್ಲಿ ೧೪ ನೋವಿಲ್ಲದೆ ನೆರವೇರಿದವೆಂದೂ ಅಲ್ಲಿ ಬರೆದಿದೆ. ಈಚಿನ ಲೇಖಕರು 'ಗಡ್ಡೆ' ಎಂಬ ಪದವನ್ನು ಕಂಡೊಡನೆ ಕ್ಯಾನ್ಸರೆಂದು ಓದಿಕೊಂಡಿದ್ದಾರೆ. ಇದು ದೊಡ್ಡ ಪ್ರಮಾದ. ಇವು ಆನೆಕಾಲು ರೋಗದ ಊತಗಳು. ಸೊಳ್ಳೆಯ ಕಡಿತದ ಮೂಲಕ ದೇಹವನ್ನು ಸೇರುವ ಸೂಕ್ಷ್ಮವಾದ ಹುಳುಗಳು ದುಗ್ಧರಸದ ನಾಳಗಳಲ್ಲಿ ನೆಲೆಸಿ ಅವನ್ನು ಕೆಡಿಸುವುದರಿಂದ ಅಂಗ ದಪ್ಪವಾಗುತ್ತ ಹೋಗುತ್ತದೆ. ಗಂಗೆಯ ಬಯಲಿನಲ್ಲಿ ಈ ರೋಗ ಬಹಳವಾಗಿತ್ತು. ಇಂಥ ಹೊರೆಯನ್ನು ಹೊತ್ತು ವರ್ಷಗಟ್ಟಲೆ ಬಾಳಿದ ಮನುಷ್ಯನಿಗೆ ಅದರಿಂದ ಬಿಡುಗಡೆ ದೊರಕಿಸಿದುದು ಎಸ್ಡೇಲರ ನಿಜವಾದ ಉಪಕಾರ. ಅದಕ್ಕೆ ಕ್ಯಾನ್ಸರಿನ ಹೆಸರನ್ನು ಹಚ್ಚಿ ದೊಡ್ಡದು ಮಾಡುವ ಅಗತ್ಯವಿಲ್ಲ.

ಹಾಗಾದರೆ ಕ್ಯಾನ್ಸರ್ ಎನ್ನಬಹುದಾದ ಪ್ರಸಂಗಗಳೇ ಕೋಷ್ಟಕದಲ್ಲಿ ಇಲ್ಲವೇ? ಇರಬಹುದು. ಸ್ತನವನ್ನು ತೆಗೆದದ್ದು ೧, ಮೇಲ್ದವಡೆಯ ಗಡ್ಡೆ ೧, ವೃಷಣದ ಗಟ್ಟಿಗಡ್ಡೆ ೨, ಶಿಶ್ನವನ್ನು ಕತ್ತರಿಸಿದ್ದು ೨, ತೊಡೆಸಂದಿನ ದೊಡ್ಡ ಗಡ್ಡೆ ೧, ಕಾಲಿನ ದೊಡ್ಡ ಗಡ್ಡೆ ೧. ಎಲ್ಲವನ್ನೂ ಉದಾರವಾಗಿ ಸೇರಿಸಿಕೊಂಡರೂ ಎಂಟನ್ನು ಮೀರುವುದಿಲ್ಲ. ತೆಗೆದ ಮಾಂಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗವನ್ನು ನಿಶ್ಚಯಿಸುವ ಪದ್ಧತಿ ಅಂದು ಇನ್ನೂ ರೂಢಿಗೆ ಬಂದಿರಲಿಲ್ಲ. ವಿರ್ಕೋ ಅವರ ಕೋಶರೋಗಶಾಸ್ತ್ರದ ಗ್ರಂಥ ಹೊರಬಂದುದು ೧೮೫೮ರಲ್ಲಿ. ಆದುದರಿಂದ ಈ ಎಂಟರಲ್ಲಿಯೂ ಎಷ್ಟು ಕ್ಯಾನ್ಸರುಗಳೆಂದು ಯಾರೂ ಹೇಳಲಾರರು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೋಷ್ಟಕದ ಸಾಲುಗಳನ್ನು ಕೂಡಿಸಿದರೆ ೭೩ ಎಂಬ ಮೊತ್ತ ಬರುವುದು ವೃಷಣಕೋಶದ ಗಡ್ಡೆಗಳನ್ನು ೧೪ ಎಂದು ಎಣಿಸಿದಾಗ ಮಾತ್ರ. ೧೭ ಎಂದು ಎಣಿಸಿದರೆ ೭೬ ಆಗುತ್ತದೆ. ನೋವಿಲ್ಲದ ಶಸ್ತ್ರಕ್ರಿಯೆಗಳ ಪಟ್ಟಿಯಾದುದರಿಂದ ನೋವಾದ ಮೂರನ್ನು ಗ್ರಂಥಕರ್ತರು ಮೊತ್ತದಿಂದ ಕಳೆದಿದ್ದಾರೆ. ಆ ಮೂರನ್ನು ಅವರು ಬಚ್ಚಿಟ್ಟಿಲ್ಲ. ಸಾಲಿನಲ್ಲಿ ಪ್ರಾಮಾಣಿಕವಾಗಿ ನಮೂದಿಸಿದ್ದಾರೆ. ಆದರೆ ಸೋಲನ್ನು ಮೊದಲೇ ಹೊರಗಿಟ್ಟು ಕಟ್ಟಿದ ಪಟ್ಟಿಯಿಂದ ಗೆಲುವಿನ ಪ್ರಮಾಣವನ್ನು ತಿಳಿಯುವುದು ಸಾಧ್ಯವಿಲ್ಲ. ಎಷ್ಟು ಮಂದಿಯ ಮೇಲೆ ಪ್ರಯೋಗ ನಡೆಯಿತು, ಎಷ್ಟು ಮಂದಿ ನಿದ್ರೆಗೆ ವಶರಾಗಲೇ ಇಲ್ಲ ಎಂಬ ಪ್ರಶ್ನೆಗಳಿಗೆ ಈ ಕೋಷ್ಟಕ ಉತ್ತರಿಸುವುದಿಲ್ಲ. ಉತ್ತರಿಸಲೆಂದು ಅದನ್ನು ರಚಿಸಿದ್ದೂ ಅಲ್ಲ.

೩

ಎರಡನೆಯ ಪದ 'ನೋವಿಲ್ಲದ'. ನೋವಾಯಿತೇ ಇಲ್ಲವೇ ಎಂಬುದಕ್ಕೆ ಸಾಕ್ಷಿ ಯಾರು? ಇದು ಎಸ್ಡೇಲರೊಬ್ಬರ ಗ್ರಂಥಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಆ ಕಾಲದ ವೈದ್ಯಲೋಕವನ್ನೆಲ್ಲ ಕಲಕಿದ ಪ್ರಶ್ನೆ.

೧೮೨೯ರ ಏಪ್ರಿಲ್ ೧೨ರಂದು ಪ್ಯಾರಿಸ್ಸಿನಲ್ಲಿ ಜೂಲ್ ಕ್ಲೋಕೆ ಎಂಬ ಸರ್ಜನರು ಅರುವತ್ತನಾಲ್ಕು ವರ್ಷದ ಮಹಿಳೆಯೊಬ್ಬರ ಕ್ಯಾನ್ಸರ್ ತಗುಲಿದ ಸ್ತನವನ್ನು ಕಾಂತನಿದ್ರೆಯಲ್ಲಿ ತೆಗೆದರು. ಸಂಮೋಹನ ಮತ್ತು ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳ ಸಂಬಂಧಕ್ಕೆ ಚರಿತ್ರೆಯಲ್ಲಿ ನಿಜವಾದ ಪೂರ್ವೋದಾಹರಣೆ ಬೇಕಿದ್ದರೆ ಅದು ಹೂಗ್ಲಿಗಿಂತ ಮೊದಲು ಇಲ್ಲಿ ದೊರೆಯುತ್ತದೆ. ಶಸ್ತ್ರ ನಡೆಯುತ್ತಿರುವಾಗ ರೋಗಿ ಶಾಂತವಾಗಿ ಮಾತನಾಡುತ್ತಿದ್ದರೆಂದು ಕ್ಲೋಕೆಯವರು ವೈದ್ಯ ಅಕಾಡೆಮಿಗೆ ವರದಿ ಮಾಡಿದರು. ಅಲ್ಲಿ ಅವರಿಗೆ ಸಿಕ್ಕಿದ ಉತ್ತರವೆಂದರೆ, ಇದು ವಂಚನೆ ಎಂಬುದು. ಆ ಮಹಿಳೆ ಸುಮಾರು ಎರಡು ವಾರಗಳಲ್ಲಿ ಶ್ವಾಸಕೋಶದ ಪೊರೆಯ ಉರಿಯೂತದಿಂದ ತೀರಿಕೊಂಡರು. ೧೮೪೨ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂಷೈರಿನಲ್ಲಿ ಕೂಲಿಗಾರನೊಬ್ಬನ ತೊಡೆಯನ್ನು ಇದೇ ರೀತಿಯಲ್ಲಿ ಕತ್ತರಿಸಿದಾಗ ಲಂಡನ್ನಿನ ವೈದ್ಯಸಭೆಯಲ್ಲಿ ಇದೇ ಬಗೆಯ ವಾದ ನಡೆಯಿತು. ನರಶಾಸ್ತ್ರದಲ್ಲಿ ಹೆಸರಾಂತ ಮಾರ್ಷಲ್ ಹಾಲರು, ಆ ಮನುಷ್ಯ ನಿಜವಾಗಿ ಪ್ರಜ್ಞೆ ತಪ್ಪಿದ್ದರೆ ಅವನ ಇನ್ನೊಂದು ಕಾಲು ತಾನಾಗಿ ಅದುರಬೇಕಾಗಿತ್ತು, ಅದುರದಿದ್ದುದರಿಂದ ಅವನು ನಟಿಸುತ್ತಿದ್ದನೆಂದು ವಾದಿಸಿದರು. ಅಂದರೆ, ಅಲುಗದಿರುವುದೇ ಅಪರಾಧಕ್ಕೆ ಸಾಕ್ಷಿಯಾಯಿತು.

ಹೂಗ್ಲಿಯ ಸುದ್ದಿ ಹರಡಿದ ಮೇಲೆ ಬಂಗಾಳದ ಡೆಪ್ಯುಟಿ ಗವರ್ನರರಾದ ಸರ್ ಹರ್ಬರ್ಟ್ ಮ್ಯಾಡಕರು ೧೮೪೬ರಲ್ಲಿ ಒಂದು ಪರಿಶೀಲನಾ ಸಮಿತಿಯನ್ನು ನೇಮಿಸಿದರು. ಎಸ್ಡೇಲರು ಕಲ್ಕತ್ತೆಗೆ ಬಂದು ಸಮಿತಿಯ ಕಣ್ಣೆದುರಿನಲ್ಲಿ ತಮ್ಮ ವಿಧಾನವನ್ನು ತೋರಿಸಬೇಕಾಯಿತು. ಆರಿಸಿಕೊಂಡ ಹತ್ತು ರೋಗಿಗಳಲ್ಲಿ ಮೂವರನ್ನು ಶಸ್ತ್ರಕ್ರಿಯೆಯಿಲ್ಲದೆಯೇ ಕಳುಹಿಸಬೇಕಾಯಿತು. ಶಸ್ತ್ರಕ್ಕೆ ಒಳಗಾದವರಲ್ಲಿ ಕೆಲವರು ಕಲ್ಲಿನಂತೆ ಮಲಗಿದ್ದರು. ಆದರೆ ಮೂವರ ವಿಷಯದಲ್ಲಿ ಕೈಗಳ ಸೆಳೆತ, ಮೈಯ ಹೊರಳಾಟ, ಮುಖದ ವಿಕಾರ, ಉಸಿರಿನ ಏರಿಳಿತ ಇವೆಲ್ಲವೂ ಕಂಡುಬಂದುವು. ಅದುಮಿಟ್ಟ ಯಾತನೆಯ ಮುಖಭಾವದಂತೆ ಅದು ಸಮಿತಿಯವರಿಗೆ ತೋರಿತು. ಎಚ್ಚರವಾದ ಮೇಲೆ ಆ ಮೂವರೂ ತಮಗೆ ನೋವೇ ಆಗಲಿಲ್ಲವೆಂದರು.

ಇಲ್ಲಿ ಸಾಕ್ಷ್ಯಗಳು ಎರಡಾಗಿ ಒಡೆದುವು. ದೇಹ ಒಂದು ಹೇಳಿತು, ನಾಲಗೆ ಇನ್ನೊಂದು ಹೇಳಿತು. ಸಮಿತಿ ದೇಹವನ್ನು ಸಂಪೂರ್ಣವಾಗಿ ತಳ್ಳಿಹಾಕಲೊಲ್ಲದೆ, ನಾಲಗೆಯನ್ನೂ ಸಂಪೂರ್ಣವಾಗಿ ನಂಬಲೊಲ್ಲದೆ ಎಚ್ಚರಿಕೆಯ ವರದಿ ಕೊಟ್ಟಿತು. ಸರ್ಕಾರ ಒಂದು ವರ್ಷದ ಮಟ್ಟಿಗೆ ಕಲ್ಕತ್ತೆಯಲ್ಲಿ ಸಣ್ಣದೊಂದು ಮೆಸ್ಮರಿಕ್ ಆಸ್ಪತ್ರೆಯನ್ನು ನಡೆಸಲು ಒಪ್ಪಿತು. ಎಸ್ಡೇಲರ ವಾದ ಸರಳವಾಗಿತ್ತು: ನೋವು ರೋಗಿಯದು, ಆದುದರಿಂದ ರೋಗಿಯ ಮಾತೇ ಪ್ರಮಾಣ. ಈ ವಾದ ಮೇಲುನೋಟಕ್ಕೆ ಬಹಳ ಉದಾತ್ತವಾಗಿ ತೋರುತ್ತದೆ. ಕ್ಲೋಕೆಯವರ ರೋಗಿಯನ್ನು ವಂಚಕಿಯೆಂದು ಕರೆದ ಪಂಡಿತರಿಗಿಂತ ಎಸ್ಡೇಲರು ಈ ಒಂದು ವಿಷಯದಲ್ಲಿ ಮೇಲೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಆ ಮಾತನ್ನು ಆಡಿದವನು ಯಾವ ಸ್ಥಿತಿಯಲ್ಲಿದ್ದನೆಂಬುದನ್ನು ಇತಿಹಾಸಕಾರನು ಕೇಳದೆ ಇರಲಾಗದು. ಮಾಧವ ಕೌರನು ಕೈದಿ. ಅವನ ನಿದ್ರೆಯನ್ನು ಪರೀಕ್ಷಿಸಲು ಎಸ್ಡೇಲರು ಕರೆಸಿಕೊಂಡ ಸಾಕ್ಷಿಗಳು ಆ ಜಿಲ್ಲೆಯ ನ್ಯಾಯಾಧೀಶರು ಮತ್ತು ಕಲೆಕ್ಟರರು. ಸರ್ಜನ್, ನ್ಯಾಯಾಧೀಶ, ಕಲೆಕ್ಟರ್ ಮೂವರೂ ಎದುರಿಗೆ ನಿಂತು ನಿನಗೆ ನೋವಾಯಿತೇ ಎಂದು ಕೇಳಿದರೆ ಸರಪಳಿಯ ಮನುಷ್ಯ ಏನು ಹೇಳಬಲ್ಲನು? ಅವನು ಸುಳ್ಳು ಹೇಳಿದನೆಂಬುದು ನಮ್ಮ ಮಾತಲ್ಲ. ಅವನು ನಿಜ ಹೇಳಿದನೆಂದು ತಿಳಿಯುವ ದಾರಿಯನ್ನು ಆ ಸಂದರ್ಭವೇ ಮುಚ್ಚಿತು ಎಂಬುದಷ್ಟೇ ನಮ್ಮ ಮಾತು. ಗ್ರಂಥದಲ್ಲಿ ರೋಗಿಗಳ ಮಾತು ಇಲ್ಲವೆಂದಲ್ಲ. ಇದೆ, ಆದರೆ ಅದು ಸರ್ಜನರ ಪ್ರಶ್ನೆಗೆ ಕೊಟ್ಟ ಚಿಕ್ಕ ಉತ್ತರವಾಗಿ ಮಾತ್ರ ಇದೆ. ಇದರ ಜೊತೆಗೆ, ಏನು ನಡೆಯುತ್ತಿದೆಯೆಂಬುದು ರೋಗಿಗೆ ತಿಳಿಯದಿರುವುದೇ ತಮ್ಮ ವಿಧಾನದ ಸತ್ಯಕ್ಕೆ ಸಾಕ್ಷಿಯೆಂದು ಎಸ್ಡೇಲರು ವಾದಿಸುತ್ತಾರೆ. ಇಲ್ಲಿನ ಜನರ ನರಶಕ್ತಿ ಕುಗ್ಗಿರುವುದರಿಂದ ಅವರು ಬೇಗ ವಶರಾಗುತ್ತಾರೆಂಬ ಊಹೆಯನ್ನೂ ಮುಂದಿಡುತ್ತಾರೆ. ಆಳುವವರ ಕಣ್ಣಿನಿಂದ ಆಳಿಸಿಕೊಳ್ಳುವವರ ದೇಹವನ್ನು ನೋಡಿದ ಗ್ರಂಥವಿದು ಎಂಬುದನ್ನು ಮರೆಯುವಂತಿಲ್ಲ.

ರೋಗಿಯ ಮಾತು ಸ್ವತಂತ್ರವಾಗಿ ಉಳಿದುಬಂದರೆ ಅದು ಹೇಗಿರುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. ಆಂಗ್ಲ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯವರು ೧೮೧೧ರ ಸೆಪ್ಟೆಂಬರ್ ೩೦ರಂದು ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ, ಮದ್ಯ ಬೆರೆಸಿದ ಪಾನೀಯವೊಂದನ್ನು ಬಿಟ್ಟರೆ ಮತ್ತಾವ ಮದ್ದೂ ಇಲ್ಲದೆ, ಸ್ತನದ ಶಸ್ತ್ರಕ್ಕೆ ಒಳಗಾದರು. ಶಸ್ತ್ರ ನಡೆಸಿದವರು ನೆಪೋಲಿಯನ್ನನ ಸೇನೆಯ ಪ್ರಸಿದ್ಧ ಸರ್ಜನ್ ಲಾರೇ. ಅದನ್ನು ತಮ್ಮ ಅಕ್ಕನಿಗೆ ಪತ್ರದಲ್ಲಿ ಬರೆದು ಮುಗಿಸಲು ಬರ್ನಿಯವರಿಗೆ ತಿಂಗಳುಗಳೇ ಹಿಡಿದುವು. ಆ ಪತ್ರ ಉಳಿದಿರುವುದರಿಂದ ಆ ಕೋಣೆಯ ಒಳಗನ್ನು ನಾವು ರೋಗಿಯ ಕಡೆಯಿಂದ ಬಲ್ಲೆವು. ಹೂಗ್ಲಿಯಲ್ಲಿ ಸ್ತನವನ್ನು ಕಳೆದುಕೊಂಡ ರೋಗಿಯಿಂದ ಅಂಥ ಪತ್ರ ನಮಗೆ ಬಂದಿಲ್ಲ. ಕೋಷ್ಟಕದಲ್ಲಿ ಆ ಜೀವಕ್ಕೆ ಸಿಕ್ಕಿರುವುದು ೧ ಎಂಬ ಅಂಕಿ ಮಾತ್ರ.

೪

ಮೂರನೆಯ ಪದ 'ಸಂಮೋಹನ'. ಇಂಗ್ಲಿಷಿನಲ್ಲಿ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದವರು ಮ್ಯಾಂಚೆಸ್ಟರಿನ ಸರ್ಜನ್ ಜೇಮ್ಸ್ ಬ್ರೇಡ್. ೧೮೪೩ರ ತಮ್ಮ ಗ್ರಂಥದಲ್ಲಿ ಅವರು ಮೆಸ್ಮರ್ ಪಂಥದವರ ಕಾಂತದ್ರವದ ಕಲ್ಪನೆಯನ್ನು ನಿರಾಕರಿಸಿ, ಈ ಅವಸ್ಥೆಗೆ ಕಾರಣ ರೋಗಿಯ ಏಕಾಗ್ರತೆಯಲ್ಲಿದೆಯೆಂದು ಸಾರಿದರು. ಎಸ್ಡೇಲರಾದರೋ ದ್ರವವಾದವನ್ನು ಬಿಡಲಿಲ್ಲ. ಅವರ ವಿಧಾನವೂ ಅದಕ್ಕೆ ತಕ್ಕಂತೆಯೇ ಇತ್ತು: ಕತ್ತಲೆಯ ಕೋಣೆ, ಮಲಗಿದ ರೋಗಿ, ಅವನ ತಲೆಯ ಬಳಿ ಕುಳಿತು ಮೈಗೆ ತಾಗಿಯೂ ತಾಗದಂತೆ ಗಂಟೆಗಟ್ಟಲೆ ಕೈಯಾಡಿಸಿ ಉಸಿರು ಬಿಡುವ ಸಹಾಯಕ. ಈ ದಣಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡಿದವರು ಆಸ್ಪತ್ರೆಯ ಹಿಂದೂ ಮತ್ತು ಮುಸಲ್ಮಾನ ತರುಣರು. ಒಬ್ಬ ರೋಗಿಗೆ ದಿನಗಟ್ಟಲೆ ಇದು ನಡೆಯುತ್ತಿದ್ದುದೂ ಉಂಟು. ಅಲ್ಲಿ ಮಾತಿಗೆ ಎಡೆಯಿರಲಿಲ್ಲ.

ಇಂದಿನ ಆಸ್ಪತ್ರೆಗಳ ಸಂಮೋಹನ ನಡೆಯುವುದೇ ಮಾತಿನಿಂದ. ಬೆಲ್ಜಿಯಂ ದೇಶದ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ ಮಾರಿ-ಎಲಿಜಬೆತ್ ಫೇಮಾನ್‌ವಿಲ್ ಅವರು ೧೯೯೨ರಿಂದ ಒಂದು ಕ್ರಮವನ್ನು ಬೆಳೆಸಿದರು. ರೋಗಿ ತನಗೆ ಪ್ರಿಯವಾದ ನೆನಪೊಂದನ್ನು ಆರಿಸಿಕೊಳ್ಳುತ್ತಾನೆ. ವೈದ್ಯರು ಮೆಲುದನಿಯಲ್ಲಿ ಅವನನ್ನು ಅದರೊಳಕ್ಕೆ ಕರೆದೊಯ್ಯುತ್ತಾರೆ. ಆದರೆ ಕತ್ತಿ ತಾಗುವ ಜಾಗಕ್ಕೆ ಸ್ಥಳೀಯ ಅರಿವಳಿಕೆಯ ಮದ್ದನ್ನು ಚುಚ್ಚಿಯೇ ಇರುತ್ತಾರೆ. ರಕ್ತನಾಳದ ಮೂಲಕ ಅಲ್ಪ ಪ್ರಮಾಣದ ಶಾಮಕವನ್ನೂ ಕೊಡುತ್ತಾರೆ. ಬ್ರಸೆಲ್ಸಿನ ಸೇಂಟ್ ಲ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗಳು ನಡೆದಿರುವುದೂ ಈ ಮಾದರಿಯ ಕ್ರಮದಲ್ಲೇ. ಆದುದರಿಂದ 'ಅರಿವಳಿಕೆಗೆ ಬದಲಾಗಿ ಸಂಮೋಹನ' ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇಡೀ ಪ್ರಜ್ಞೆಯನ್ನು ಅಳಿಸುವ ಪೂರ್ಣ ಅರಿವಳಿಕೆಗೆ ಅದು ಬದಲಾಗಬಹುದು. ಅರಿವಳಿಕೆಯ ಮದ್ದಿಗೇ ಬದಲಲ್ಲ. ಹೂಗ್ಲಿಯಲ್ಲಿ ಮದ್ದಿರಲಿಲ್ಲ, ಮಾತೂ ಇರಲಿಲ್ಲ. ಬ್ರಸೆಲ್ಸಿನಲ್ಲಿ ಎರಡೂ ಇವೆ. ಒಂದು ಇನ್ನೊಂದಕ್ಕೆ ಪ್ರಮಾಣವಾಗುವುದಾದರೂ ಹೇಗೆ?

ಈಚಿನ ವರದಿಗಳನ್ನು ಕೂಡ ನಾವು ಹೂಗ್ಲಿಯ ಕೋಷ್ಟಕವನ್ನು ಓದಿದ ಕಣ್ಣಿನಿಂದಲೇ ಓದಬೇಕು. ಬ್ರಸೆಲ್ಸಿನವರು ೨೦೧೮ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪೂರ್ಣ ಅರಿವಳಿಕೆಯ ೧೫೦ ರೋಗಿಗಳನ್ನೂ ಸಂಮೋಹನ ಕ್ರಮದ ೧೫೦ ರೋಗಿಗಳನ್ನೂ ಹೋಲಿಸಲಾಗಿದೆ. ಎರಡನೆಯ ಗುಂಪಿಗೆ ಅನುಕೂಲವಾದ ಫಲಗಳು ಕಂಡುಬಂದಿವೆ. ಆದರೆ ಯಾರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ. ಸಂಮೋಹನದಲ್ಲಿ ವಿಶ್ವಾಸವಿಟ್ಟು ಬಂದವರು ಬೇರೆ ಬಗೆಯ ರೋಗಿಗಳಾಗಿರಬಹುದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯವಿದ್ಯಾಲಯದಲ್ಲಿ ಚೀಟಿ ಎತ್ತುವ ಕ್ರಮವನ್ನೇ ಅನುಸರಿಸಿ ೨೦೦ ಮಹಿಳೆಯರ ಮೇಲೆ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ತನದ ಶಸ್ತ್ರಕ್ಕೆ ಮುಂಚೆ ಹದಿನೈದು ನಿಮಿಷದ ಸಂಮೋಹನ ಪಡೆದವರಿಗೆ ಮದ್ದು ಕಡಮೆ ಸಾಕಾಯಿತು, ನೋವು ವಾಕರಿಕೆಗಳೂ ಕಡಮೆಯಾದುವು. ಅವರಿಗೂ ಮದ್ದನ್ನು ಕೊಟ್ಟೇ ಇದ್ದರು ಎಂಬುದು ಗಮನಾರ್ಹ. ಫ್ರಾನ್ಸಿನಲ್ಲಿ ೧೫೦ ಮಹಿಳೆಯರ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಪೂರ್ಣ ಅರಿವಳಿಕೆಗೆ ಮುನ್ನ ನೀಡಿದ ಸಂಮೋಹನದಿಂದ ಶಸ್ತ್ರಾನಂತರದ ಸ್ತನದ ನೋವು ಕಡಮೆಯಾಗಲಿಲ್ಲ. ಗೆದ್ದುದನ್ನೂ ಸೋತುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ಪ್ರಕಟಿಸುವ ಈ ಶಿಸ್ತು ೧೮೪೬ರ ಗ್ರಂಥದಲ್ಲಿಲ್ಲ. ಈಚಿನ ಉತ್ಸಾಹದ ಬರಹಗಳಲ್ಲಿ ಅದಕ್ಕಿಂತಲೂ ಕಡಮೆ.

ಒಂದು ಅಮೂಲ್ಯ ವಿದ್ಯೆಯನ್ನು ಈಥರ್ ನುಂಗಿಹಾಕಿತು ಎಂಬ ವಿಷಾದದ ಬಗ್ಗೆಯೂ ಒಂದು ಮಾತು. ಕಲ್ಕತ್ತೆಯ ಸಮಿತಿ ವರದಿ ಬರೆದ ೧೮೪೬ರ ಕೊನೆಯ ತಿಂಗಳುಗಳಲ್ಲೇ, ಅಕ್ಟೋಬರ್ ೧೬ರಂದು, ಬಾಸ್ಟನ್ನಿನಲ್ಲಿ ಈಥರಿನ ಸಾರ್ವಜನಿಕ ಪ್ರಯೋಗ ನಡೆಯಿತು. ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರಂ ಬಂದಿತು. ಎಸ್ಡೇಲರು ೧೮೫೧ರಲ್ಲಿ ಇಂಡಿಯಾವನ್ನು ಬಿಟ್ಟು ಹೋದರು, ೧೮೫೯ರಲ್ಲಿ ತೀರಿಕೊಂಡರು. ದಿನಗಟ್ಟಲೆ ಹಿಡಿಯುತ್ತಿದ್ದ, ಕೆಲವರಿಗೆ ಫಲಿಸದಿದ್ದ ವಿಧಾನವನ್ನು ನಿಮಿಷಗಳಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಫಲಿಸುವ ಮದ್ದು ಹಿಂದಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಕಲ್ಕತ್ತೆಯಲ್ಲಿ ಶಸ್ತ್ರವಿಲ್ಲದೆ ಹಿಂದಿರುಗಿದ ಆ ಮೂವರು ರೋಗಿಗಳ ಕಡೆಯಿಂದ ನೋಡಿದರೆ ಈಥರ್ ನಷ್ಟವಲ್ಲ, ವರ.

ಹಾಗೆಂದು ಎಸ್ಡೇಲರ ಗ್ರಂಥವನ್ನು ಬದಿಗಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹೂಗ್ಲಿಯಲ್ಲಿ ಅಸಾಧಾರಣವಾದ ಏನೋ ಒಂದು ನಡೆಯಿತೆಂಬುದನ್ನು ಸಮಿತಿಯೂ ಅಲ್ಲಗಳೆಯಲಿಲ್ಲ. ಮನಸ್ಸು ನೋವಿನ ಮೇಲೆ ಎಷ್ಟು ದೂರ ಅಧಿಕಾರ ನಡೆಸಬಲ್ಲುದೆಂಬ ಪ್ರಶ್ನೆಯನ್ನು ಆ ಗ್ರಂಥ ಎತ್ತಿ ನಿಲ್ಲಿಸಿತು. ಅದನ್ನು ಪವಾಡದ ಕಥೆಯೆಂದು ಓದುವುದೂ ವಂಚನೆಯ ಕಥೆಯೆಂದು ಓದುವುದೂ ಸಮಾನವಾದ ಸೋಮಾರಿತನ. ಇಂದಿನ ಕ್ರಮದಲ್ಲಿ ನಿಜವಾಗಿ ಮೇಲಾದುದು ನಮ್ಮ ದೃಷ್ಟಿಯಲ್ಲಿ ಇದು: ರೋಗಿಗೆ ಏನು ನಡೆಯಲಿದೆಯೆಂಬುದನ್ನು ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯುತ್ತಾರೆ, ನಡುವೆ ತಡೆಯಲಾರೆನೆಂದು ರೋಗಿ ಸೂಚಿಸಿದರೆ ಪೂರ್ಣ ಅರಿವಳಿಕೆ ಕೊಡಲು ಸಿದ್ಧವಾಗಿರುತ್ತಾರೆ. ರೋಗಿಯ ಮಾತೇ ಪ್ರಮಾಣವೆಂದ ಎಸ್ಡೇಲರ ತತ್ತ್ವಕ್ಕೆ ಬೆಲೆ ಬಂದುದು ಆ ಮಾತಿಗೆ ಸ್ವಾತಂತ್ರ್ಯ ಬಂದ ಮೇಲೆ.

ಮನೆಯಲ್ಲಿ ಕ್ಯಾನ್ಸರಿನ ರೋಗಿಯಿರುವವರು ಇಂಥ ಬರಹಗಳನ್ನು ಓದುವುದು ಕುತೂಹಲಕ್ಕಾಗಿ ಅಲ್ಲ, ಭಯದಿಂದ. ಮದ್ದೇ ಬೇಡವೆಂಬ ಹಿತವಾದ ಸುಳ್ಳಿಗೆ ಚರಿತ್ರೆಯ ಮುದ್ರೆ ಬಿದ್ದರೆ ಅದರ ಬೆಲೆಯನ್ನು ತೆರುವವರು ಅವರು. ಹೂಗ್ಲಿಯ ಕೋಷ್ಟಕವನ್ನು ವಿದ್ಯಾರ್ಥಿಗಳ ಮುಂದಿಟ್ಟು ಅವರ ಕೈಯಿಂದಲೇ ಮೊತ್ತ ಹಾಕಿಸಬೇಕೆಂದು ನಾವು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇವೆ. ಹದಿನೇಳು ಎಲ್ಲಿ ಹದಿನಾಲ್ಕಾಯಿತೆಂಬುದನ್ನು ತಾನಾಗಿ ಕಂಡುಹಿಡಿದ ವಿದ್ಯಾರ್ಥಿ ಮುಂದೆ ಯಾವ ಅಂಕಿಯನ್ನೂ ಕಣ್ಣುಮುಚ್ಚಿ ನಂಬಲಾರನು. ಆ ಮೂವರು ಯಾರು, ಅವರಿಗೆ ಏನಾಯಿತು ಎಂದು ಕೇಳದೆಯೂ ಇರಲಾರನು.